ಸಹಾಯ ಬೇಕು: ಅಮ್ಮನ ಬಿಪಿಗೆ ರೀನಲ್ ಡಿನರ್ವೇಷನ್ ಮಾಡಿಸಬಹುದಾ?

ಎಲ್ಲರಿಗೂ ನಮಸ್ಕಾರ. ನಮ್ಮಮ್ಮನಿಗೆ 61 ವರ್ಷ, ಇರೋದು ಶಿವಮೊಗ್ಗದಲ್ಲಿ. ಟೆಲ್ಮಿಸಾರ್ಟನ್, ಆಮ್ಲೋಡಿಪಿನ್, ಕ್ಲೋರ್ಥಾಲಿಡೋನ್ ಮೂರೂ ಫುಲ್ ಡೋಸ್ ನಡೀತಿದೆ, ಅದರ ಮೇಲೆ ಸ್ಪೈರೊನೊಲ್ಯಾಕ್ಟೋನ್ ಬೇರೆ. ಆದರೂ ಬೆಳಗ್ಗೆ ಕಾಫಿಗೆ ಮುಂಚೆ ನೋಡಿದರೆ 168/96ರ ಆಸುಪಾಸು. ಮಾತ್ರೆ ತಪ್ಪಿಸಲ್ಲ, ಡಬ್ಬಿ ನಾನೇ ತುಂಬಿಸಿಡ್ತೀನಿ. ಉಪ್ಪಿನಕಾಯಿ, ಹಪ್ಪಳ ಬಿಟ್ಟಿದ್ದಾರೆ (ಹಾಗಂತ ಅವರು ಹೇಳ್ತಾರೆ!). 24 ಗಂಟೆಯ ಬಿಪಿ ಮಾನಿಟರ್ ಹಾಕಿಸಿದ್ದಾಯ್ತು, ರಾತ್ರಿಯೂ ಇಳಿಯಲ್ಲ. ಬಿಪಿ ಏರಿಸುವ ಆಲ್ಡೋಸ್ಟೀರಾನ್ ಹಾರ್ಮೋನಿನ ಟೆಸ್ಟ್ ನಾರ್ಮಲ್, ಕಿಡ್ನಿಯ ರಕ್ತನಾಳವೂ ಕಿರಿದಾಗಿಲ್ಲ.

ಈಗ ಕಾರ್ಡಿಯಾಲಜಿಸ್ಟ್ ರೀನಲ್ ಡಿನರ್ವೇಷನ್ ಹೆಸರು ಎತ್ತಿದ್ದಾರೆ. ತೊಡೆಸಂದಿಯ ರಕ್ತನಾಳದಿಂದ ಕ್ಯಾತಿಟರ್ (ತೆಳ್ಳಗಿನ ನಳಿಕೆ) ಹಾಕಿ, ಕಿಡ್ನಿಗೆ ಹೋಗುವ ಅಪಧಮನಿಯ ಸುತ್ತ ಇರುವ ನರಗಳನ್ನು ರೇಡಿಯೋ ತರಂಗ ಅಥವಾ ಅಲ್ಟ್ರಾಸೌಂಡಿನ ಶಾಖದಿಂದ ಸುಡ್ತಾರಂತೆ. ಸ್ಟೆಂಟ್ ಥರ ಒಳಗೆ ಏನೂ ಬಿಡಲ್ಲ. 2014ರ ದೊಡ್ಡ ಅಧ್ಯಯನದಲ್ಲಿ ಇದರಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಸುಧಾರಿತ ಕ್ಯಾತಿಟರ್ ಬಂದ ಮೇಲೆ 2023ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎರಡು ಸಾಧನಗಳಿಗೆ ಒಪ್ಪಿಗೆ ಕೊಟ್ಟಿತು. ಎಲ್ಲರಿಗೂ ಬಿಪಿ ಇಳಿಯಲ್ಲ, ಮಾತ್ರೆ ಪೂರ್ತಿ ನಿಲ್ಲೋದೂ ಇಲ್ಲ ಅನ್ನೋದು ಗೊತ್ತು. ಸ್ವಲ್ಪ ಇಳಿದರೂ ಸಾಕು, ಸ್ಟ್ರೋಕ್ ಭಯ ಕಡಿಮೆಯಾದರೆ ಅಷ್ಟೇ ನೆಮ್ಮದಿ.

ಬೆಂಗಳೂರು, ಮಂಗಳೂರು, ಮಣಿಪಾಲ ಕಡೆ ಯಾರಾದರೂ ಮನೆಯವರಿಗೆ ಮಾಡಿಸಿದ್ದೀರಾ? ಒಟ್ಟು ಖರ್ಚೆಷ್ಟು ಬಂತು, ಇನ್ಶೂರೆನ್ಸ್‌ನವರು ತಕರಾರು ತೆಗೆದರಾ? ಆರು ತಿಂಗಳಾದ ಮೇಲೆ ಬಿಪಿ ಹೇಗಿದೆ? ಅಮ್ಮನಿಗೆ ಗೊರಕೆ ಜೋರು. ನಿದ್ದೆಯಲ್ಲಿ ಉಸಿರು ಕಟ್ಟುತ್ತಾ ಅಂತ ನೋಡೋ ಸ್ಲೀಪ್ ಸ್ಟಡಿ ಮೊದಲು ಮಾಡಿಸಿ ಅಂತ ನಿಮ್ಮ ಡಾಕ್ಟರ್ ಹೇಳಿದ್ದರಾ? ಗುಂಪಿನಲ್ಲಿ ಹೃದ್ರೋಗ ಅಥವಾ ಕಿಡ್ನಿ ತಜ್ಞರಿದ್ದರೆ ದಯವಿಟ್ಟು ಒಂದು ಮಾತು ಹೇಳಿ.

ಮನೆಮದ್ದಿನ ಸಲಹೆ ಮಾತ್ರ ಬೇಡ, ನುಗ್ಗೆಸೊಪ್ಪಿನ ರಸ ಆಗಲೇ ಅತ್ತೆಯವರ ಉಸ್ತುವಾರಿಯಲ್ಲಿ ನಡೀತಿದೆ.