ತೆಳು ಬಿಸಿನೆಸ್ ಲ್ಯಾಪ್‌ಟಾಪ್: ಅರ್ಧ ಕೆಜಿ ಕಮ್ಮಿ ಮಾಡೋಕೆ ಏನೇನು ಬಿಟ್ಟುಕೊಡಬೇಕು?

ಪ್ರಶ್ನೆ:
ಹೊರಗೆ ಓಡಾಡುವ ಸಿಬ್ಬಂದಿಗೆ ಲ್ಯಾಪ್‌ಟಾಪ್ ಆರಿಸಬೇಕಿದೆ. ಒಂದು 1.1 ಕೆಜಿಯ ತೆಳು ಮಾಡೆಲ್, ಇನ್ನೊಂದು 1.6 ಕೆಜಿಯ ಮಾಮೂಲಿ 14 ಇಂಚಿನದು. ಎರಡರಲ್ಲೂ ಅದೇ ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್ಎಸ್‌ಡಿ. ದೊಡ್ಡ ಎಕ್ಸೆಲ್ ಶೀಟು, ಬ್ರೌಸರ್‌ನಲ್ಲಿ ಹತ್ತಾರು ಟ್ಯಾಬ್, ದಿನಕ್ಕೆ ಎರಡು ಮೂರು ಗಂಟೆ ವಿಡಿಯೊ ಕಾಲ್, ಇಷ್ಟೇ ಕೆಲಸ. ಐದು ವರ್ಷ ಬಾಳಿಕೆ ಬರಬೇಕು. ತೆಳುವಾದದ್ದನ್ನು ತಗೊಂಡರೆ ಮುಂದೆ ಎಲ್ಲಿ ತೊಂದರೆ ಬರುತ್ತೆ?

ಉತ್ತರ 1:
ಪ್ರೊಸೆಸರ್ ಹೆಸರು ಒಂದೇ ಅಂತ ವೇಗವೂ ಒಂದೇ ಅಂದುಕೊಳ್ಳಬೇಡಿ. ಕೆಲಸ ಶುರುವಾದ ಮೊದಲ ಅರ್ಧ ನಿಮಿಷ ಎರಡೂ ಟರ್ಬೊದಲ್ಲಿ (ಸ್ವಲ್ಪ ಹೊತ್ತಿನ ಹೆಚ್ಚುವರಿ ವೇಗದಲ್ಲಿ) ಜೋರಾಗಿಯೇ ಓಡುತ್ತವೆ. ಆಮೇಲೆ ತೆಳು ಮಾಡೆಲ್‌ನ ಸಣ್ಣ ಫ್ಯಾನು, ಚಪ್ಪಟೆ ಹೀಟ್‌ಪೈಪಿಗೆ ಆ ಬಿಸಿಯನ್ನು ಹೊರಗೆ ಹಾಕೋಕೆ ಆಗಲ್ಲ. ಹಾಗಾಗಿ ಪ್ರೊಸೆಸರ್ 15 ವ್ಯಾಟ್ ಆಸುಪಾಸಿಗೆ ಇಳಿಯುತ್ತೆ. ದಪ್ಪನೆಯದು 25-28 ವ್ಯಾಟ್‌ನಲ್ಲೇ ನಿಲ್ಲಬಲ್ಲದು. ಎಕ್ಸೆಲ್ ಲೆಕ್ಕ ಕೆಲವೇ ಸೆಕೆಂಡಿನಲ್ಲಿ ಮುಗಿಯೋದರಿಂದ ಅಲ್ಲಿ ವ್ಯತ್ಯಾಸ ಕಾಣಲ್ಲ. ವಿಡಿಯೊ ಎಕ್ಸ್‌ಪೋರ್ಟ್, ಕೋಡ್ ಕಂಪೈಲ್, ಅಥವಾ ಹೊರಗಿನ ಮಾನಿಟರ್ ಹಾಕಿಕೊಂಡು ಚಾರ್ಜ್ ಮಾಡುತ್ತಾ ಗಂಟೆಗಟ್ಟಲೆ ಕಾಲ್, ಇಲ್ಲಿ ಗೊತ್ತಾಗುತ್ತೆ. ಡೆಮೊ ಯೂನಿಟ್ ಸಿಕ್ಕರೆ ಸಿನೆಬೆಂಚ್ ಅನ್ನೋ ವೇಗ ಅಳೆಯುವ ಸಾಫ್ಟ್‌ವೇರನ್ನು ಹತ್ತು ನಿಮಿಷ ಬಿಡದೆ ಓಡಿಸಿ, ಮೊದಲ ಸ್ಕೋರು ಕೊನೆಯ ಸ್ಕೋರು ಹೋಲಿಸಿ ನೋಡಿ.

ನಿಜವಾದ ಪ್ರಶ್ನೆ ರ‍್ಯಾಮ್‌ನದು. ತೆಳು ಮಾಡೆಲ್‌ಗಳಲ್ಲಿ ಬಹುಪಾಲು ಎಲ್‌ಪಿಡಿಡಿಆರ್5 ಅನ್ನೋ ಬಗೆಯ ಮೆಮೊರಿ ಚಿಪ್ಪುಗಳನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅದರಿಂದ ಲಾಭವೂ ಇದೆ: ವೇಗ ಹೆಚ್ಚು, ಸ್ಲೀಪ್‌ನಲ್ಲಿ ಕರೆಂಟ್ ಕಡಿಮೆ ತಿನ್ನುತ್ತೆ. ಆದರೆ ಕೊಂಡ ಮೇಲೆ ಹೆಚ್ಚಿಸುವ ಮಾತೇ ಇಲ್ಲ, ಒಂದು ಚಿಪ್ಪು ಕೆಟ್ಟರೂ ಸಾಮಾನ್ಯವಾಗಿ ಇಡೀ ಬೋರ್ಡೇ ಬದಲಾಗಬೇಕು. ವಿಂಡೋಸ್ 11ರ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿ. ಫಾರ್ಮ್ ಫ್ಯಾಕ್ಟರ್ ಅನ್ನುವಲ್ಲಿ 'ರೋ ಆಫ್ ಚಿಪ್ಸ್' ಅಂತಿದ್ದರೆ ಬೆಸುಗೆಯದ್ದು, 'ಎಸ್ಒಡಿಐಎಂಎಂ' ಅಂತಿದ್ದರೆ ಕಳಚಿ ಹಾಕುವಂಥದ್ದು. ಇಂಟಿಗ್ರೇಟೆಡ್ ಗ್ರಾಫಿಕ್ಸ್ (ಪ್ರೊಸೆಸರ್ ಒಳಗೇ ಇರುವ, ಪರದೆಗೆ ಚಿತ್ರ ಮೂಡಿಸುವ ಭಾಗ) ಕೂಡ ಇದೇ ರ‍್ಯಾಮ್‌ನಲ್ಲಿ ಪಾಲು ತಗೊಳ್ಳುತ್ತೆ. ಐದು ವರ್ಷಕ್ಕೆ ಅಂದರೆ ತೆಳುವಾದದ್ದರಲ್ಲಿ 32 ಜಿಬಿಗಿಂತ ಕಡಿಮೆ ತಗೊಳ್ಳಲೇಬೇಡಿ. ಎಸ್ಎಸ್‌ಡಿ ಬಗ್ಗೆ ಚಿಂತೆ ಬೇಡ, ಬಿಸಿನೆಸ್ ಮಾಡೆಲ್‌ಗಳಲ್ಲಿ ಅದು ಸಾಮಾನ್ಯವಾಗಿ ಎಂ.2 ಅನ್ನೋ, ಕಳಚಿ ಬದಲಿಸಬಹುದಾದ ಸ್ಲಾಟಿನಲ್ಲೇ ಇರುತ್ತೆ. 2280, 2242, 2230 (ಅಗಲ 22 ಮಿಮೀ, ಉದ್ದ 80, 42, 30 ಮಿಮೀ) ಇವುಗಳಲ್ಲಿ ಯಾವ ಅಳತೆ ಅಂತ ಮಾತ್ರ ನೋಡಿಕೊಳ್ಳಿ.

ಉತ್ತರ 2:
ರಿಪೇರಿ ಬೆಂಚಿನ ಕಡೆಯಿಂದ ಹೇಳುವುದಾದರೆ, ತೆಳು ಲ್ಯಾಪ್‌ಟಾಪ್ ಮೊದಲು ಕೈಕೊಡುವುದು ಯುಎಸ್‌ಬಿ-ಸಿ ಪೋರ್ಟಿನಲ್ಲಿ. ಚಾರ್ಜಿಂಗ್, ಡಾಕ್ (ಹಲವು ಪೋರ್ಟುಗಳನ್ನು ಒಟ್ಟಿಗೆ ಕೊಡುವ ಪೆಟ್ಟಿಗೆ), ಮಾನಿಟರ್ ಎಲ್ಲಕ್ಕೂ ಅದೊಂದೇ ಬಾಗಿಲು. ಕೇಬಲ್ ಚುಚ್ಚಿದ ಹಾಗೆಯೇ ತೊಡೆಯ ಮೇಲಿಟ್ಟು ಕೆಲಸ ಮಾಡಿದಾಗ, ಎತ್ತಿಕೊಂಡು ಓಡಾಡಿದಾಗ ಕನೆಕ್ಟರಿನ ಬುಡ ಅಲುಗಿ ಬೆಸುಗೆ ಬಿರುಕು ಬಿಡುತ್ತೆ. ಕೇಬಲನ್ನು ಒಂದು ಕಡೆಗೆ ಒತ್ತಿ ಹಿಡಿದರೆ ಮಾತ್ರ ಚಾರ್ಜ್ ಆಗುತ್ತೆ ಅನ್ನುವುದು ಅದರ ಮೊದಲ ಸೂಚನೆ. ಪೋರ್ಟ್ ಬೇರೆ ಸಣ್ಣ ಬೋರ್ಡಿನಲ್ಲಿದ್ದರೆ ಅದನ್ನಷ್ಟೇ ಬದಲಿಸಬಹುದು. ಮದರ್‌ಬೋರ್ಡಿನ ಮೇಲಿದ್ದರೆ ಖರ್ಚು ಎಲ್ಲಿಗೋ ಹೋಗುತ್ತೆ. ಆರ್ಡರ್ ಕೊಡುವ ಮೊದಲೇ ಆ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್ ಇಳಿಸಿಕೊಂಡು ಇದನ್ನೂ, ಕೀಬೋರ್ಡ್ ಬದಲಿಸುವ ಪುಟವನ್ನೂ ಓದಿ. ಹಲವು ತೆಳು ಮಾಡೆಲ್‌ಗಳಲ್ಲಿ ಕೀಬೋರ್ಡ್ ತೆಗೆಯಬೇಕಾದರೆ ಬ್ಯಾಟರಿ, ಫ್ಯಾನು, ಬೋರ್ಡು ಎಲ್ಲ ಬಿಚ್ಚಬೇಕು.

ಬ್ಯಾಟರಿ ಲೆಕ್ಕ ಸುಲಭ. 54 ವ್ಯಾಟ್-ಅವರ್ ಬ್ಯಾಟರಿ, ಟೈಪಿಂಗ್ ಕೆಲಸಕ್ಕೆ 6 ವ್ಯಾಟ್ ಅಂದರೆ 9 ಗಂಟೆ. ವಿಡಿಯೊ ಕಾಲ್‌ನಲ್ಲಿ 15 ವ್ಯಾಟ್ ಎಳೆದರೆ ಮೂರೂವರೆ ಗಂಟೆ ಚಿಲ್ಲರೆ. ಡಾಕ್‌ಗೆ ಸಿಕ್ಕಿಸಿಯೇ ಇಡುವವರು ತಯಾರಕರ ಆ್ಯಪ್ ಅಥವಾ ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್ ಪರದೆ) ಚಾರ್ಜನ್ನು 80 ಪರ್ಸೆಂಟಿಗೆ ನಿಲ್ಲಿಸಿ. ಟಚ್‌ಪ್ಯಾಡ್ ಕ್ಲಿಕ್ ಗಟ್ಟಿಯಾದರೆ, ಕೆಳಗಿನ ಕವರ್ ಉಬ್ಬಿ ಮೇಜಿನ ಮೇಲೆ ಅಲ್ಲಾಡಿದರೆ ಬ್ಯಾಟರಿ ಊದಿಕೊಂಡಿದೆ ಎಂದೇ ಲೆಕ್ಕ. ಚಾರ್ಜಿಂಗ್ ನಿಲ್ಲಿಸಿ, ಒತ್ತಿ ಸರಿಮಾಡಲು ಹೋಗಬೇಡಿ.

ಮುಚ್ಚಳವೂ ತೆಳು. ಚೀಲವನ್ನು ಬಿಗಿಯಾಗಿ ತುಂಬಿದರೆ ಪರದೆ ಕೀಗಳಿಗೆ ಒತ್ತಿಕೊಂಡು ಗೆರೆ ಮೂಡುತ್ತೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಇನ್ನೊಂದು ವಿಷಯ: ಮುಚ್ಚಿ ಚೀಲಕ್ಕೆ ಹಾಕಿದ ಮೇಲೂ ಬಿಸಿಯಾಗುತ್ತೆ, ತೆಗೆದು ನೋಡಿದರೆ ಬ್ಯಾಟರಿ ಖಾಲಿ ಅನ್ನೋ ದೂರು ಎಲ್ಲ ಕಡೆ ಕೇಳಿಬರುತ್ತೆ. ಅದಕ್ಕೇನು ಮಾಡೋದು?

ಉತ್ತರ 3:
ಅದು ವಿಂಡೋಸ್‌ನ ಮಾಡರ್ನ್ ಸ್ಟ್ಯಾಂಡ್‌ಬೈ ಅನ್ನೋ ನಿದ್ರೆ ವಿಧಾನದ ಕಾಟ, ತೆಳು ದಪ್ಪ ಎರಡಕ್ಕೂ ಇದೆ. ಮುಚ್ಚಿದಾಗ ಯಂತ್ರ ಪೂರ್ತಿ ಮಲಗಲ್ಲ, ನೆಟ್‌ವರ್ಕ್ ಜೊತೆ ಅರೆನಿದ್ರೆಯಲ್ಲಿರುತ್ತೆ. ಅಪ್‌ಡೇಟೋ ಡ್ರೈವರೋ ಎಬ್ಬಿಸಿದರೆ ಚೀಲದೊಳಗೆ ಗಾಳಿಯಿಲ್ಲದೆ ಕಾದುಬಿಡುತ್ತೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಮುಚ್ಚಳ ಮುಚ್ಚಿದಾಗ ಏನಾಗಬೇಕು ಅನ್ನುವಲ್ಲಿ 'ಆನ್ ಬ್ಯಾಟರಿ' ಕೆಳಗೆ ಹೈಬರ್ನೇಟ್ (ಕೆಲಸವನ್ನು ಎಸ್ಎಸ್‌ಡಿಯಲ್ಲಿ ಉಳಿಸಿ ಪೂರ್ತಿ ಆಫ್ ಆಗೋದು) ಆರಿಸಿ. ತೆರೆದಾಗ ಕೆಲವು ಸೆಕೆಂಡ್ ಹೆಚ್ಚು ಕಾಯಬೇಕಾಗುತ್ತೆ, ಅಷ್ಟೇ.

ನಿಮ್ಮ ಕೆಲಸಕ್ಕೆ 32 ಜಿಬಿಯ ತೆಳು ಮಾಡೆಲ್ ಧಾರಾಳ ಸಾಕು. ದಿನವಿಡೀ ಹೆಗಲ ಮೇಲೆ ಹೊರುವವರಿಗೆ ಅರ್ಧ ಕೆಜಿ ಸಣ್ಣ ವಿಷಯವಲ್ಲ. ಕೂತಲ್ಲೇ ಭಾರದ ಸಾಫ್ಟ್‌ವೇರ್ ಓಡಿಸುವವರಿಗೆ ಮಾತ್ರ ದಪ್ಪನೆಯದು ಕೊಡಿ.

ಕೇಬಲ್ ವಿಷಯದಲ್ಲಿ ಎಚ್ಚರ: ಚಾರ್ಜರ್ ಜೊತೆ ಬರುವ ಎಷ್ಟೋ ಯುಎಸ್‌ಬಿ-ಸಿ ಕೇಬಲ್‌ಗಳು ಡೇಟಾವನ್ನು 480 ಎಂಬಿಪಿಎಸ್‌ನಲ್ಲಷ್ಟೇ ಸಾಗಿಸುತ್ತವೆ, ಅದರಲ್ಲಿ ಮಾನಿಟರ್ ಬರಲ್ಲ. ಡಾಕ್‌ಗೆ ಅದರದೇ ಕೇಬಲ್ ಬಳಸಿ. ತೆಳು ಮಾಡೆಲ್‌ಗಳಲ್ಲಿ ಲ್ಯಾನ್ (ತಂತಿಯ ನೆಟ್‌ವರ್ಕ್) ಪೋರ್ಟೂ ಸಾಮಾನ್ಯವಾಗಿ ಇರಲ್ಲ, ಯುಎಸ್‌ಬಿಗೆ ಸಿಕ್ಕಿಸುವ ಡಾಂಗಲ್ ಬೇಕು. ನಿಮ್ಮ ನೆಟ್‌ವರ್ಕ್ ಮ್ಯಾಕ್ ವಿಳಾಸ (ಪ್ರತಿ ನೆಟ್‌ವರ್ಕ್ ಸಾಧನಕ್ಕಿರುವ ಗುರುತಿನ ಸಂಖ್ಯೆ) ನೋಡಿ ಒಳಗೆ ಬಿಡುವಂಥದ್ದಾದರೆ, ಒಂದೇ ಡಾಂಗಲ್ ಹಂಚಿಕೊಂಡವರೆಲ್ಲ ಒಂದೇ ಯಂತ್ರದಂತೆ ಕಾಣುತ್ತಾರೆ. ಬಯೋಸ್‌ನಲ್ಲಿ ಮ್ಯಾಕ್ ಅಡ್ರೆಸ್ ಪಾಸ್-ಥ್ರೂ ಆನ್ ಮಾಡಿ, ಆಗ ಡಾಂಗಲ್‌ನ ಬದಲು ಆ ಲ್ಯಾಪ್‌ಟಾಪಿನದೇ ವಿಳಾಸ ಕಾಣುತ್ತೆ. ಅದು ಆ ಮಾಡೆಲ್‌ನಲ್ಲಿದೆಯೇ, ನೀವು ಕೊಳ್ಳುವ ಡಾಂಗಲ್ ಅದಕ್ಕೆ ಒಪ್ಪುತ್ತದೆಯೇ ಅಂತ ಆರ್ಡರ್‌ಗೆ ಮುಂಚೆಯೇ ಕೇಳಿಕೊಳ್ಳಿ.