ಜರ್ಮನಿಗೆ ಬಂದಿಳಿದ ಮೇಲೆ: ನಮ್ಮ ಕಡೆಯವರ ಪ್ರಶ್ನೆ, ವಲಸೆ ಸಲಹೆಗಾರ್ತಿಯ ಉತ್ತರ

ಗುಂಪಿನ ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆಯವಳು. ಜರ್ಮನಿಯಲ್ಲಿ ಹೊರದೇಶದಿಂದ ಹೊಸದಾಗಿ ಬಂದವರಿಗೆ ಉಚಿತವಾಗಿ ಸಲಹೆ ಕೊಡುವ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ವೀಸಾ ಹೇಗೆ ಮಾಡಿಸೋದು ಅಂತ ಹೇಳುವವರು ಬೆಳಗಾವಿ, ವಿಜಯಪುರದಲ್ಲೇ ಬೇಕಾದಷ್ಟು ಜನ ಇದ್ದಾರೆ. ವಿಮಾನ ಇಳಿದ ಮೇಲೆ ದಿನ ಹೇಗೆ ಕಳೆಯಬೇಕು ಅಂತ ಹೇಳುವವರು ಕಡಿಮೆ. ಅದನ್ನು ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.

ಪ್ರಶ್ನೆ (ಬೆಳಗಾವಿ, ಟಿಳಕವಾಡಿ): ಅಕ್ಕಾರೇ, ವಿಟಿಯುದಲ್ಲಿ ಎಂಜಿನಿಯರಿಂಗ್ ಮುಗಿಸಿ ಇಲ್ಲೇ ಕೆಲಸದಲ್ಲಿದ್ದೆ. ಈಗ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕಿದೆ. ಹೋದ ತಕ್ಷಣ ಬ್ಯಾಂಕು, ಸಿಮ್, ವಿಮೆ ಅಂತ ಎಲ್ಲರೂ ಒಂದೊಂದು ಹೇಳ್ತಾರೆ. ಮೊದಲು ಯಾವುದು ಮಾಡಲಿ?

ಉತ್ತರ: ಮೊದಲು ವಿಳಾಸ. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಮನೆ ಸೇರಿದ ಎರಡು ವಾರದೊಳಗೆ ಆ ಊರಿನ ನಾಗರಿಕ ಸೇವಾ ಕಚೇರಿಗೆ ಹೋಗಿ ವಿಳಾಸ ಬರೆಸಬೇಕು. ಕಚೇರಿಗೆ ಬ್ಯುರ್ಗರ್‌ಆಮ್ಟ್ ಅಂತಾರೆ, ಬರೆಸುವುದಕ್ಕೆ ಆನ್‌ಮೆಲ್ಡುಂಗ್ ಅಂತಾರೆ. ಪಾಸ್‌ಪೋರ್ಟ್ ಜೊತೆ ಮನೆ ಮಾಲಕರು ಸಹಿ ಮಾಡಿದ ಒಂದು ದೃಢೀಕರಣ ಪತ್ರ ಬೇಕು. ಬಾಡಿಗೆ ಕರಾರು ತೋರಿಸಿದರೆ ಸಾಲದು. ಹಾಗಾಗಿ ಕೀಲಿ ಇಸ್ಕೊಳ್ಳುವ ದಿನವೇ ಆ ಪತ್ರವನ್ನೂ ಕೇಳಿ ಇಟ್ಟುಕೊಳ್ಳಿ. ದೊಡ್ಡ ಊರುಗಳಲ್ಲಿ ಈ ಕಚೇರಿಯ ಅಪಾಯಿಂಟ್‌ಮೆಂಟ್ ಬೇಗ ಸಿಗೋದಿಲ್ಲ. ಬೆಳಗಾವಿಯಲ್ಲಿ ಇರುವಾಗಲೇ ಆನ್‌ಲೈನ್‌ನಲ್ಲಿ ನೋಡಿ.

ಇದು ಆದ ಮೇಲೆ 11 ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಅದನ್ನು ಕಂಪನಿಯವರು ಕೇಳುತ್ತಾರೆ. ಬ್ಯಾಂಕಿನ ಕಾರ್ಡು, ವಿಮೆ ಕಾರ್ಡು ಕೂಡ ಅಂಚೆಯಲ್ಲೇ ಬರುತ್ತವೆ.

ಇಲ್ಲೇ ನಮ್ಮವರು ಜಾಸ್ತಿ ಸಿಕ್ಕಿಬೀಳುವುದು. ನಮ್ಮೂರಲ್ಲಿ ಪೋಸ್ಟ್‌ಮನ್‌ಗೆ ಮನೆ ಗೊತ್ತು, ಗೊತ್ತಿಲ್ಲದಿದ್ದರೆ ಓಣಿಯಲ್ಲಿ ಕೇಳುತ್ತಾರೆ. ಜರ್ಮನಿಯ ಅಪಾರ್ಟ್‌ಮೆಂಟ್‌ಗಳಲ್ಲಿ ಸಾಮಾನ್ಯವಾಗಿ ಮನೆ ನಂಬರ್ ಇರುವುದಿಲ್ಲ. ಬಾಗಿಲ ಹತ್ತಿರ ಸಾಲಾಗಿ ತಗಡಿನ ಪೆಟ್ಟಿಗೆಗಳು, ಪ್ರತಿಯೊಂದರ ಮೇಲೂ ಬೆರಳಗಲದ ಒಂದು ಚೀಟಿ. ಆ ಚೀಟಿಯಲ್ಲಿ ನಿಮ್ಮ ಹೆಸರು ಇಲ್ಲದಿದ್ದರೆ ಪತ್ರ ಹಾಗೇ ವಾಪಸ್. ಕರೆಗಂಟೆ ಪಕ್ಕದಲ್ಲೂ ಹೆಸರು ಬೇಕು. ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರು ಹೇಗಿದೆಯೋ ಹಾಗೇ ಬರೆಯಿರಿ. ನಮ್ಮ ಕಡೆ ಶಾಲೆಯ ದಾಖಲೆಯಲ್ಲಿ ಒಂದು, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು ಇರುವುದು ಮಾಮೂಲು. ಅಲ್ಲಿ ಪಾಸ್‌ಪೋರ್ಟಿನದೇ ನಡೆಯುವುದು.

ವಿಳಾಸ ಬರೆಸಿದ ಸ್ವಲ್ಪ ದಿನಕ್ಕೆ ರೇಡಿಯೋ–ಟಿವಿ ಶುಲ್ಕದ ಪತ್ರವೂ ಬರುತ್ತದೆ. ಮೋಸದ ಪತ್ರ ಅಂತ ಹರಿದು ಎಸೆಯಬೇಡಿ. ಮನೆಗೆ ತಿಂಗಳಿಗೆ 18.36 ಯೂರೋ, ಟಿವಿ ಇಲ್ಲದಿದ್ದರೂ ಕೊಡಬೇಕು. ಒಂದು ಮನೆಗೆ ಒಂದೇ ಶುಲ್ಕ. ಜೊತೆಗಿರುವವರು ಆಗಲೇ ಕಟ್ಟುತ್ತಿದ್ದರೆ ಅವರ ನಂಬರ್ ಬರೆದು ತಿಳಿಸಿದರೆ ಸಾಕು.

ಅದೇ ಟಿಳಕವಾಡಿಯವರು: ಮನೆ ಸಿಗ್ತಾನೇ ಇಲ್ಲ ಅಕ್ಕಾರೇ. ಒಬ್ಬರು ಫೋಟೋ ಕಳಿಸಿದ್ದಾರೆ, ಮನೆ ಚಲೋ ಇದೆ, ಬಾಡಿಗೆ ಕಡಿಮೆ. ತಾವು ಬೇರೆ ದೇಶದಲ್ಲಿದ್ದೇವೆ, ಅಡ್ವಾನ್ಸ್ ಹಾಕಿದರೆ ಕೀಲಿ ಕೊರಿಯರ್ ಮಾಡ್ತೀವಿ ಅಂತಾರೆ. ಹಾಕಲಾ?

ಉತ್ತರ: ಒಂದು ಪೈಸೆಯೂ ಹಾಕಬೇಡಿ. ಅದು ಮೋಸ. ನೀವೋ ನಿಮ್ಮ ಕಡೆಯವರೋ ಮನೆ ಒಳಗೆ ಕಾಲಿಟ್ಟು ನೋಡದೆ ದುಡ್ಡು ಕಳಿಸಬಾರದು.

ಕಾನೂನಿನ ಪ್ರಕಾರ ಅಡ್ವಾನ್ಸ್ ಮೂರು ತಿಂಗಳ ಮೂಲ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕು ನಿಮಗಿದೆ. ಮೂಲ ಬಾಡಿಗೆಗೆ ಕಾಲ್ಟ್‌ಮೀಟೆ ಅಂತಾರೆ. ನೀರು, ಹೀಟಿಂಗ್, ಕಸದ ಖರ್ಚು ಸೇರಿದರೆ ವಾರ್ಮ್‌ಮೀಟೆ. ಜಾಹೀರಾತಿನಲ್ಲಿ ಯಾವುದು ಬರೆದಿದ್ದಾರೆ ನೋಡಿ. ಅಡುಗೆಮನೆ ಇದೆಯಾ ಅಂತಲೂ ಕೇಳಿ. ಬಹಳ ಮನೆಗಳಲ್ಲಿ ನಾಲ್ಕು ಗೋಡೆ, ಒಂದು ನೀರಿನ ಪೈಪು ಅಷ್ಟೇ ಇರುತ್ತದೆ. ಸಿಂಕು, ಒಲೆ, ಕಪಾಟು ನೀವೇ ಹಾಕಿಸಬೇಕಾಗುತ್ತದೆ.

ಮೊದಲ ಒಂದೆರಡು ತಿಂಗಳು ಸಾಮಾನು ಸಹಿತ ಇರುವ ತಾತ್ಕಾಲಿಕ ಮನೆ ಹಿಡಿಯಿರಿ. ತುಟ್ಟಿ ಅನಿಸುತ್ತದೆ, ಆದರೆ ಅಲ್ಲಿದ್ದುಕೊಂಡೇ ಹುಡುಕಿದರೆ ಮನೆ ಸಿಗುತ್ತದೆ. ವಿಳಾಸ ನೋಂದಣಿಗೆ ಪತ್ರ ಕೊಡ್ತೀರಾ ಅಂತ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ. ಇರುವುದು ಒಂದು ಕಡೆ, ಗೆಳೆಯನ ಮನೆಯ ವಿಳಾಸ ಬರೆಸುವುದು ಮಾತ್ರ ಬೇಡ. ಅದಕ್ಕೆ ದಂಡ ಇದೆ, ನಿಮಗೂ ಗೆಳೆಯನಿಗೂ.

ಪ್ರಶ್ನೆ (ವಿಜಯಪುರ): ಮಗಳು ಓದಲಿಕ್ಕೆ ಹೊರಟಿದ್ದಾಳೆ. ಜೋಳದ ರೊಟ್ಟಿ ಇಲ್ಲದೆ ಅವಳ ಹೊಟ್ಟೆ ತುಂಬೋದಿಲ್ಲ. ಏನೇನು ಕಟ್ಟಿ ಕೊಡಲಿ ಮೇಡಂ?

ಉತ್ತರ: ಖಡಕ್ ರೊಟ್ಟಿ ಕಟ್ಟಿ ಕೊಡಿ ಅಕ್ಕಾ, ಅದಕ್ಕಿಂತ ಚಲೋ ಬುತ್ತಿ ಇಲ್ಲ. ಚೆನ್ನಾಗಿ ಒಣಗಿಸಿ ಸ್ಟೀಲ್ ಡಬ್ಬಿಯಲ್ಲಿ ಇಟ್ಟರೆ ಒಡೆಯೋದಿಲ್ಲ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಪುಡಿ ಎಲ್ಲ ಕೊಡಬಹುದು. ತುಪ್ಪ, ಖೋವಾ, ಪನೀರು ಬೇಡ. ಹೊರದೇಶದಿಂದ ಯುರೋಪ್ ಒಕ್ಕೂಟಕ್ಕೆ ಬರುವವರು ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ಕುಂದಾ ಕೊಡಬೇಕು ಅಂತ ಮನಸ್ಸಾಗುತ್ತದೆ, ಆದರೆ ಅದು ಹಾಲಿಂದೇ ಆಗಿದ್ದು, ಬಿಟ್ಟುಬಿಡಿ. ಹಸಿ ಕರಿಬೇವು, ಹಸಿಮೆಣಸಿನಕಾಯಿ ಕೂಡ ಸರ್ಕಾರಿ ಪ್ರಮಾಣಪತ್ರ ಇಲ್ಲದೆ ನಡೆಯೋದಿಲ್ಲ. ಒಣಗಿಸಿದ್ದು ಕೊಡಿ.

ಜೋಳದ ಹಿಟ್ಟು ಜಾಸ್ತಿ ಕಟ್ಟಬೇಡಿ. ಹಳೇ ಹಿಟ್ಟಿಗೆ ಜಿಗಿ ಇರೋದಿಲ್ಲ, ರೊಟ್ಟಿ ಸೀಳುತ್ತದೆ ಅನ್ನೋದು ನಿಮಗೇ ಗೊತ್ತು. ಅಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಸಣ್ಣ ಪಾಕೀಟು ಸಿಗುತ್ತದೆ. ಎಸರಿಟ್ಟು, ಕುದಿಯುವ ನೀರಲ್ಲಿ ಹಿಟ್ಟು ಕಲಸಿ ಚೆನ್ನಾಗಿ ನಾದಲು ಕಲಿಸಿ ಕಳಿಸಿ. ಒಲೆ ಗಾಜಿನ ಮೇಲ್ಮೈಯ ಕರೆಂಟ್ ಒಲೆ ಆಗಿರುತ್ತದೆ. ತಳ ಉಬ್ಬಿದ ಹಂಚು ಅದರ ಮೇಲೆ ಕೂರೋದಿಲ್ಲ, ಚಪ್ಪಟೆ ತಳದ ಕಬ್ಬಿಣದ ತವಾ ಬೇಕು. ಕೆಂಡವೂ ಇಲ್ಲ, ಉರಿಯೂ ಇಲ್ಲ. ನೀರು ಸವರಿ ತಿರುವಿದ ಮೇಲೆ ತವಾದಲ್ಲೇ ಬಟ್ಟೆಯಿಂದ ಅಂಚು ಒತ್ತುತ್ತಾ ಹೋದರೆ ಉಬ್ಬುತ್ತದೆ. ಇನ್ನೊಂದು, ರೊಟ್ಟಿ ಬಡಿಯುವ ಸಪ್ಪಳ ಕೆಳಗಿನ ಮನೆಗೆ ದಬದಬ ಕೇಳುತ್ತದೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ, ಭಾನುವಾರ ಪೂರ್ತಿ ದಿನ ಹಾಗೇ. ಮಣೆ ಕೆಳಗೆ ದಪ್ಪ ಟವೆಲ್ ಮಡಚಿ ಹಾಕಿಕೊಳ್ಳಲಿ.

ಮಿಕ್ಸರ್ ಒಯ್ಯಬಹುದು. ಅಲ್ಲಿಯೂ 230 ವೋಲ್ಟೇ. ಮೂರು ಪಿನ್ನಿನ ಪ್ಲಗ್‌ಗೆ ಅರ್ಥಿಂಗ್ ಇರುವ ಅಡಾಪ್ಟರ್ ಬೇಕು. ಮತ್ತೆ ಭಾನುವಾರ ಕಿರಾಣಿ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ಸಂತೆ ಮುಗಿಸಬೇಕು.

ಪ್ರಶ್ನೆ (ಊರು ಬಾಗಲಕೋಟೆ ನವನಗರ, ಈಗ ಜರ್ಮನಿ): ಅಕ್ಕಾರೇ, ಮದುವೆಯಾಗಿ ಬಂದು ಕೆಲವು ತಿಂಗಳಾಯ್ತು. ಇವರಿಗೆ ಬ್ಲೂ ಕಾರ್ಡ್ (ಹೆಚ್ಚು ಓದಿದ ಹೊರದೇಶದ ಕೆಲಸಗಾರರಿಗೆ ಕೊಡುವ ವಾಸದ ಪರವಾನಗಿ) ಇದೆ, ಒಳ್ಳೆಯವರು. ಆದರೆ ಬೆಳಗ್ಗೆ ಹೋದರೆ ಬರೋದು ಸಂಜೆ. ನಾಲ್ಕೂವರೆಗೇ ಕತ್ತಲು. ನನಗೆ ಭಾಷೆ ಬರೋದಿಲ್ಲ, ಅಂಗಡಿಗೆ ಹೋಗಲೂ ಹೆದರಿಕೆ. ಅವ್ವನಿಗೆ ಫೋನ್ ಮಾಡಿದರೆ ಅಳು ಬರುತ್ತದೆ ಅಂತ ಮಾಡೋದೇ ಬಿಟ್ಟಿದ್ದೇನೆ. ಬಿ.ಎಡ್ ಆಗಿದೆ. ಇಲ್ಲಿ ಅದರಿಂದ ಏನಾದರೂ ಆಗುತ್ತದಾ?

ಉತ್ತರ: ತಂಗೀ, ನೀನು ಬರೆದದ್ದು ಚಲೋ ಆಯ್ತು. ನನ್ನ ಹತ್ತಿರ ಬರುವ ಹೆಣ್ಣುಮಕ್ಕಳಲ್ಲಿ ಬಹಳ ಮಂದಿ ಇದೇ ಮಾತು ಹೇಳುತ್ತಾರೆ. ಅದರಲ್ಲೂ ನವೆಂಬರ್‌ನಿಂದ ಫೆಬ್ರುವರಿವರೆಗೆ.

ನಾಳೆಯೇ ಒಂದು ಕೆಲಸ ಮಾಡು. ಇಂಟೆಗ್ರೇಷನ್ ಕೋರ್ಸಿಗೆ ಹೆಸರು ಹಚ್ಚು. 600 ಪಾಠ ಭಾಷೆಗೆ, 100 ಪಾಠ ಈ ದೇಶದ ಕಾನೂನು, ಇತಿಹಾಸ, ಜನಜೀವನಕ್ಕೆ. ಸರ್ಕಾರ ಖರ್ಚಿನಲ್ಲಿ ದೊಡ್ಡ ಪಾಲು ಹಾಕುತ್ತದೆ. ಫೋಕ್ಸ್‌ಹೋಖ್‌ಶೂಲೆ ಅಂತ ಊರೂರಿಗೆ ದೊಡ್ಡವರ ಶಿಕ್ಷಣ ಕೇಂದ್ರಗಳಿವೆ, ಅಲ್ಲಿ ಕೇಳು. ಮೊಬೈಲ್ ಆ್ಯಪ್‌ನಲ್ಲೂ ಭಾಷೆ ಕಲಿಯಬಹುದು, ಅಲ್ವಾ? ಆದರೆ ಆ್ಯಪ್ ನಿನ್ನನ್ನು ಮನೆಯಿಂದ ಹೊರಗೆ ಎಬ್ಬಿಸೋದಿಲ್ಲ. ತರಗತಿಗೆ ಹೋದರೆ ಸಿರಿಯಾದವರು, ಉಕ್ರೇನಿನವರು, ಬ್ರೆಜಿಲಿನವರು ಪಕ್ಕದಲ್ಲಿ ಕೂತಿರುತ್ತಾರೆ. ಎಲ್ಲರದೂ ತಪ್ಪು ತಪ್ಪು ಜರ್ಮನ್. ಅವರೊಂದಿಗೆ ಮಾತಾಡಿದರೆ ಅಂಗಡಿಯ ಹೆದರಿಕೆ ತಾನೇ ಹೋಗುತ್ತದೆ.

ಬಿ.ಎಡ್ ವಿಷಯ ನೇರವಾಗಿ ಹೇಳುತ್ತೇನೆ. ಸರ್ಕಾರಿ ಶಾಲೆಯ ಟೀಚರ್ ಆಗುವುದು ಕಷ್ಟ, ದಾರಿ ಉದ್ದ. ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ, ಜರ್ಮನ್ ಬಹಳ ಮೇಲಿನ ಮಟ್ಟದ್ದು ಬೇಕು. ಆದರೆ ಶಿಶುವಿಹಾರದಲ್ಲಿ, ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಕಡೆ ಸಹಾಯಕಿಯಾಗಿ ಶುರು ಮಾಡಬಹುದು. ಬ್ಲೂ ಕಾರ್ಡ್ ಇರುವವರ ಹೆಂಡತಿಗೆ ಕೆಲಸ ಮಾಡಲು ಯಾವ ತಡೆಯೂ ಇಲ್ಲ. ಬಾನ್ ನಗರದಲ್ಲಿ ಝಡ್‌ಎಬಿ ಅಂತ ಕಚೇರಿ ಇದೆ. ನಿನ್ನ ಪದವಿ ಇಲ್ಲಿನ ಯಾವ ಪದವಿಗೆ ಸಮ ಅಂತ ಪತ್ರ ಕೊಡುತ್ತಾರೆ. ಅರ್ಜಿ ಈಗಲೇ ಹಾಕು.

ಅವ್ವನ ಫೋನ್ ಬಿಡಬೇಡ. ಚಳಿಗಾಲದಲ್ಲಿ ನಮ್ಮೂರು ಜರ್ಮನಿಗಿಂತ ನಾಲ್ಕೂವರೆ ಗಂಟೆ ಮುಂದೆ. ಮಾರ್ಚ್ ಕೊನೆಯ ಭಾನುವಾರ ಇಲ್ಲಿನ ಗಡಿಯಾರ ಮುಂದೆ ಹಾಕುತ್ತಾರೆ, ಆಗ ಮೂರೂವರೆ ಗಂಟೆ. ಈಗ ಬೆಳಗ್ಗೆ 10ಕ್ಕೆ ಮಾಡಿದರೆ ಅಲ್ಲಿ ಎರಡೂವರೆ, ಅವ್ವ ಊಟ ಮುಗಿಸಿ ಕೂತಿರುವ ಹೊತ್ತು. ಮಾತಾಡಿ ಮುಗಿಸಿ, ಬೆಳಕು ಇರುವಾಗಲೇ ಕೋಟು ಹಾಕಿಕೊಂಡು ಹೊರಗೆ ನಡೆ. ರಾತ್ರಿ ಮಲಗುವ ಹೊತ್ತಿಗೆ ಫೋನ್ ಹಿಡಿದರೆ ಅಳು ಜಾಸ್ತಿ, ನಿದ್ದೆ ಕಡಿಮೆ.

ಗಂಡ ಎಷ್ಟೇ ಒಳ್ಳೆಯವರಿರಲಿ, ನಿನ್ನ ಹೆಸರಲ್ಲಿ ಒಂದು ಬ್ಯಾಂಕ್ ಖಾತೆ, ನಿನ್ನದೇ ವಿಮೆ ಕಾರ್ಡು, ನಿನ್ನ ಪಾಸ್‌ಪೋರ್ಟು ನಿನ್ನ ಕೈಯಲ್ಲಿರಲಿ. ಇದನ್ನು ನಾನು ಎಲ್ಲ ಹೆಣ್ಣುಮಕ್ಕಳಿಗೂ ಹೇಳುತ್ತೇನೆ. ಗುಂಪಿನಲ್ಲಿ ಓದುತ್ತಿರುವ ಯಾರಿಗಾದರೂ ಮನೆಯಲ್ಲಿ ಹಿಂಸೆ ಆಗುತ್ತಿದ್ದರೆ 116016ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಇಂಗ್ಲಿಷ್‌ನಲ್ಲೂ ಮಾತಾಡುತ್ತಾರೆ.

ಕೋರ್ಸಿಗೆ ಸೇರಿ, ಹೊರಗೆ ಓಡಾಡಿದ ಮೇಲೂ ಮನಸ್ಸು ಏಳದಿದ್ದರೆ ಡಾಕ್ಟರ್ ಹತ್ತಿರ ಹೋಗು. ಇದೂ ವಿಮೆಯಲ್ಲೇ ಬರುತ್ತದೆ. ಮತ್ತೆ ಇಲ್ಲೇ ಬರೆ, ನೋಡುತ್ತಿರುತ್ತೇನೆ.

ಪ್ರಶ್ನೆ (ಬೆಳಗಾವಿ, ಶಹಾಪುರ): ಕನ್ನಡದವರ ಜೊತೆ ಸೇರಿದರೆ ಸಾಕಲ್ವಾ? ಸುಮ್ನೆ ಪರಭಾಷೆಯವರ ಜೊತೆ ಯಾಕೆ ಒದ್ದಾಡಬೇಕು?

ಉತ್ತರ: ಕನ್ನಡ ಸಂಘಗಳಿಗೆ ಖಂಡಿತ ಹೋಗಿ, ಹಬ್ಬಕ್ಕೆ ಹೋಳಿಗೆ ಸಿಗುವುದು ಅಲ್ಲೇ. ಆದರೆ ಅವರು ಒಂದು ಗಂಟೆ ರೈಲಿನ ದಾರಿಯಲ್ಲಿ ಇರುತ್ತಾರೆ. ನೀವು ಇಲ್ಲದಾಗ ಪಾರ್ಸೆಲ್ ಇಸ್ಕೊಳ್ಳುವವರು, ಯಾವ ಡಬ್ಬಿಗೆ ಯಾವ ಕಸ ಅಂತ ತೋರಿಸುವವರು ಪಕ್ಕದ ಮನೆಯವರು. ಮನೆ ಸೇರಿದ ಮೊದಲ ವಾರದಲ್ಲೇ ಅವರ ಬಾಗಿಲು ಬಡಿದು ಹೆಸರು ಹೇಳಿ ಬನ್ನಿ.

ಪ್ರಶ್ನೆ (ಮುಧೋಳ): ತಂಗೀ, ಮಗ ಅಲ್ಲಿ ಕೆಲಸಕ್ಕೆ ಹೊರಟಾನ. ಅವನ ಹೆಸರಲ್ಲಿ ನಾಲ್ಕು ಎಕರೆ ಕಬ್ಬಿನ ಹೊಲ ಇದೆ. ಉತಾರದಲ್ಲಿ ಹೆಸರು ಹೋಗುತ್ತದಾ? ಬ್ಯಾಂಕಿನದು ಏನು?

ಉತ್ತರ: ಕಾಕಾರೇ, ಹೊಲ ಎಲ್ಲೂ ಹೋಗೋದಿಲ್ಲ. ಊರಲ್ಲಿದ್ದಾಗ ತನ್ನ ಹೆಸರಿಗೆ ಬಂದ ಭೂಮಿ ಅವನದೇ. ನಾಳೆ ನಿಮ್ಮಿಂದ ವಾರಸಾ ಆಗಿ ಬರುವುದನ್ನೂ ಇಟ್ಟುಕೊಳ್ಳಬಹುದು. ಹೊರದೇಶದಲ್ಲಿ ನೆಲೆಸಿರುವಾಗ ಹೊಸದಾಗಿ ಕೃಷಿ ಭೂಮಿ ಖರೀದಿ ಮಾತ್ರ ಮಾಡುವಂತಿಲ್ಲ. ಅಲ್ಲಿಂದ ದುಡ್ಡು ಕಳಿಸಿ ಪಕ್ಕದ ಹೊಲ ಅವನ ಹೆಸರಿಗೆ ಹಿಡಿಯುವ ಯೋಚನೆ ಇದ್ದರೆ ಬಿಡಿ.

ಅವನ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಹೊರದೇಶದಲ್ಲಿ ನೆಲೆಸಿದವರು ಊರಿನ ಆದಾಯಕ್ಕೆ ಇಡುವ ಖಾತೆ, ಮಾಡಿಸಬೇಕು. ಅಲ್ಲಿಯ ಸಂಬಳ ಕಳಿಸಲು ಎನ್‌ಆರ್‌ಇ ಖಾತೆ ತೆರೆಯಲಿ. ಹೊಲ, ಸಾಲದ ಕಾಗದಕ್ಕೆ ನೀವು ಸಹಿ ಮಾಡುವ ಹಾಗೆ ಜಿಪಿಎ (ಅಧಿಕಾರ ಪತ್ರ) ಬೇಕಾದರೆ ಹೋಗುವ ಮೊದಲೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿ. ಅಲ್ಲಿಂದ ಮಾಡಿಸಬೇಕಾದರೆ ಬರ್ಲಿನ್‌ನ ರಾಯಭಾರ ಕಚೇರಿಗೋ ಫ್ರಾಂಕ್‌ಫರ್ಟ್, ಮ್ಯೂನಿಕ್, ಹ್ಯಾಂಬರ್ಗ್‌ನ ಕಾನ್ಸುಲೇಟ್‌ಗೋ ಅಲೆಯಬೇಕು. ಅವನ ಊರಿನ ಸಿಮ್‌ಗೆ ರೀಚಾರ್ಜ್ ತಪ್ಪಿಸಬೇಡಿ, ಬ್ಯಾಂಕಿನ ಓಟಿಪಿ ಅದಕ್ಕೇ ಬರುವುದು. ತೆರಿಗೆ ಮಾತ್ರ ನಿಮ್ಮ ಸಿಎ ಅವರನ್ನು ಕೇಳಿ.

ಪ್ರಶ್ನೆ (ವಿಜಯಪುರ): ರಾತ್ರಿ ಹುಷಾರಿಲ್ಲದಿದ್ದರೆ ಎಲ್ಲಿ ಹೋಗಬೇಕು? ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಬಹುದಾ?

ಉತ್ತರ: ಜೀವಕ್ಕೆ ಅಪಾಯ ಅನಿಸಿದರೆ 112, ಆಂಬುಲೆನ್ಸ್ ಬರುತ್ತದೆ. ಜ್ವರ, ವಾಂತಿ, ಕಿವಿನೋವು ಇಂಥದ್ದಕ್ಕೆ 116117. ಆ ಹೊತ್ತಿಗೆ ತೆರೆದಿರುವ ಡಾಕ್ಟರ್ ಎಲ್ಲಿದ್ದಾರೆ ಅಂತ ಹೇಳುತ್ತಾರೆ. ಹಗಲಿನ ಮಾಮೂಲಿ ಕಾಯಿಲೆಗೆ ಹೌಸ್‌ಆರ್ಟ್ಸ್ಟ್, ಅಂದರೆ ಮನೆಯ ಹತ್ತಿರದ ಡಾಕ್ಟರ್. ಹೊಸಬರನ್ನು ತಗೊಳ್ಳದ ಡಾಕ್ಟರುಗಳು ಬಹಳ ಇದ್ದಾರೆ, ಆದ್ದರಿಂದ ಆರೋಗ್ಯವಾಗಿ ಇರುವಾಗಲೇ ಒಬ್ಬರನ್ನು ಹುಡುಕಿ ಹೆಸರು ಬರೆಸಿಡಿ. ಸರ್ಕಾರಿ ಮಾದರಿಯ ವಿಮೆಯಲ್ಲಿ ಕೆಲಸವಿಲ್ಲದ ಹೆಂಡತಿ, ಮಕ್ಕಳು ಬೇರೆ ದುಡ್ಡಿಲ್ಲದೆ ಸೇರುತ್ತಾರೆ. ಫಾರ್ಮ್ ತುಂಬಿ ಕೊಡಬೇಕು ಅಷ್ಟೇ. ಬಿಪಿ, ಶುಗರ್ ಮಾತ್ರೆ ತಗೊಳ್ಳುವವರು ಊರಿನ ಡಾಕ್ಟರ್ ಹತ್ತಿರ ಔಷಧಿಯ ಮೂಲ ಹೆಸರನ್ನು ಇಂಗ್ಲಿಷ್‌ನಲ್ಲಿ ಬರೆಸಿಕೊಂಡು ಬನ್ನಿ. ನಮ್ಮ ಕಡೆಯ ಬ್ರ್ಯಾಂಡ್ ಹೆಸರು ಇಲ್ಲಿನ ಔಷಧಿ ಅಂಗಡಿಯವರಿಗೆ ಗೊತ್ತಾಗೋದಿಲ್ಲ.