ಹೊಸ ಪಿಸಿ ಹಾಕಿದರೂ ಎಕ್ಸೆಲ್ ಯಾಕೆ ತೆವಳುತ್ತಿದೆ?

ಡೊಂಬಿವಲಿಯಿಂದ ಪ್ರಶ್ನೆ:
ಆಫೀಸಿನ 4 ಕೋರಿನ ಹಳೇ ಪಿಸಿ ತೆಗೆದು 8 ಕೋರ್, 16 ತ್ರೆಡ್‌ನದ್ದು ತಂದಿದ್ದೇವೆ. ಜಿಎಸ್‌ಟಿ ಫೈಲಿನ ಮ್ಯಾಕ್ರೋ (ತಾನಾಗಿ ಓಡುವ ಆದೇಶಗಳ ಸರಣಿ) ಮಾತ್ರ ಮೊದಲಿನಷ್ಟೇ ನಿಧಾನ. ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು 6–7 ಪರ್ಸೆಂಟ್ ದಾಟುವುದಿಲ್ಲ. ಅಂಗಡಿಯವರು ಇನ್ನೊಂದಿಷ್ಟು ರ‍್ಯಾಮ್ ಹಾಕಿಸಿ ಅಂತಾರೆ. ಹಾಕಿಸಲೇ?

ಕೋಥ್ರೂಡ್, ಪುಣೆ:
ಬೇಡ ಸರ್, ಉತ್ತರ ಆ 6 ಪರ್ಸೆಂಟಿನಲ್ಲೇ ಇದೆ. ತ್ರೆಡ್ ಅಂದರೆ ಪ್ರೊಸೆಸರ್ ಒಂದೇ ಹೊತ್ತಿಗೆ ನಡೆಸಬಲ್ಲ ಕೆಲಸದ ಒಂದು ಸಾಲು, ನಿಮ್ಮಲ್ಲಿ ಅಂಥವು 16. 100ನ್ನು 16ರಿಂದ ಭಾಗಿಸಿ: 6.25. ಒಂದು ತ್ರೆಡ್ ಬೆವರು ಸುರಿಸುತ್ತಿದೆ, ಉಳಿದ ಹದಿನೈದು ಕೈಕಟ್ಟಿ ಕೂತಿವೆ. ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ ಲಾಜಿಕಲ್ ಪ್ರೊಸೆಸರ್ಸ್ ಆರಿಸಿದರೂ ಒಂದೇ ಕೋರ್ 100 ತೋರಿಸಬೇಕೆಂದಿಲ್ಲ. ವಿಂಡೋಸ್ ಆ ಕೆಲಸವನ್ನು ಕೋರಿನಿಂದ ಕೋರಿಗೆ ಸಾಗಿಸುತ್ತಿರುತ್ತದೆ.

ವಿಬಿಎ (ಎಕ್ಸೆಲ್ ಒಳಗಿನ ಪ್ರೋಗ್ರಾಮಿಂಗ್ ಭಾಷೆ) ಮ್ಯಾಕ್ರೋ ಓಡುವುದು ಒಂದೇ ತ್ರೆಡ್‌ನಲ್ಲಿ. ಎಕ್ಸೆಲ್ 2007ರಿಂದ ಸೂತ್ರಗಳ ಲೆಕ್ಕ ಹಲವು ಕೋರುಗಳಿಗೆ ಹಂಚಿಹೋಗುತ್ತದೆ, ಆದರೆ ಇನ್‌ಡೈರೆಕ್ಟ್ (INDIRECT) ಸೂತ್ರ ಹಾಗೂ ವಿಬಿಎಯಲ್ಲಿ ಬರೆದ ಫಂಕ್ಷನ್‌ಗಳಿಗೆ ಆ ಭಾಗ್ಯ ಇಲ್ಲ. ಇನ್‌ಡೈರೆಕ್ಟ್, ಆಫ್‌ಸೆಟ್ ಎರಡೂ ಪ್ರತಿ ಸಲ ಹೊಸದಾಗಿ ಲೆಕ್ಕ ಹಾಕಿಕೊಳ್ಳುತ್ತವೆ. ಆದಷ್ಟು ಕಡೆ ಅವುಗಳ ಬದಲು ಇಂಡೆಕ್ಸ್ (INDEX) ಬಳಸಿ.

ಮ್ಯಾಕ್ರೋದಲ್ಲಿ ಒಂದೊಂದೇ ಸೆಲ್ ಓದಿ ಬರೆಯುವ ಲೂಪ್ ಇದ್ದರೆ ಅದೇ ಮುಖ್ಯ ಕಳ್ಳ. ಇಡೀ ರೇಂಜನ್ನು ಒಂದೇ ಸಲ ಅರೇಗೆ (ಮೆಮೊರಿಯಲ್ಲಿರುವ ಪಟ್ಟಿ) ತೆಗೆದುಕೊಂಡು, ಅಲ್ಲೇ ಲೆಕ್ಕ ಮುಗಿಸಿ, ಒಂದೇ ಸಲ ವಾಪಸ್ ಬರೆಯಿರಿ. ಶುರುವಿನಲ್ಲಿ ಸ್ಕ್ರೀನ್ ಅಪ್‌ಡೇಟಿಂಗ್ ಆಫ್, ಕ್ಯಾಲ್ಕ್ಯುಲೇಷನ್ ಮ್ಯಾನ್ಯುಯಲ್. ಕೊನೆಗೆ ಎರಡನ್ನೂ ಮೊದಲಿನಂತೆ ಮಾಡಿ. ನಡುವೆ ಎರರ್ ಬಂದು ಮ್ಯಾಕ್ರೋ ನಿಂತರೆ ಎಕ್ಸೆಲ್ ಮ್ಯಾನ್ಯುಯಲ್‌ನಲ್ಲೇ ಉಳಿದು ಹಳೇ ಮೊತ್ತವನ್ನೇ ತೋರಿಸುತ್ತದೆ. ಜಿಎಸ್‌ಟಿ ರಿಟರ್ನ್‌ಗೆ ಇದು ಅಪಾಯ. ಎರರ್ ಬಂದರೆ ಎಲ್ಲಿಗೆ ಹೋಗಬೇಕೆಂದು ಹೇಳುವ ಆನ್ ಎರರ್ ಸಾಲು ಹಾಕಿ, ಅಲ್ಲಿಂದಲೂ ಆಟೋಮ್ಯಾಟಿಕ್‌ಗೆ ತನ್ನಿ.

ಥಾಣೆ:
ಇದ್ದ ರ‍್ಯಾಮ್ ಪೂರ್ತಿ ವೇಗದಲ್ಲಿದೆಯೇ ನೋಡಿ ಮಾರಾಯ್ರೆ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಸ್ಪೀಡ್ ಇರುತ್ತದೆ. 3200ರ ಡಿಡಿಆರ್4 ಕೊಂಡು 2133 ಅಂತ ಕಂಡರೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮನ್ನು ಪೂರ್ತಿ ವೇಗಕ್ಕೆ ತರುವ ಸೆಟ್ಟಿಂಗ್) ಬಹುಶಃ ಆನ್ ಆಗಿಲ್ಲ. ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ ಕೊಳ್ಳುವವರು 16 ಜಿಬಿಯ ಒಂದರ ಬದಲು 8ರ ಎರಡು ಕಡ್ಡಿ ಕೇಳಿ. ಎರಡೂ ಕಡ್ಡಿ ಜೊತೆಯಾಗಿ ಓಡುವ ಡ್ಯುಯಲ್ ಚಾನೆಲ್‌ನಲ್ಲಿ ಸೆಕೆಂಡಿಗೆ 25.6 ಜಿಬಿ ಇದ್ದದ್ದು ಲೆಕ್ಕದ ಮೇಲೆ 51.2 ಆಗುತ್ತದೆ. ನಿಮ್ಮ ಮ್ಯಾಕ್ರೋಗೆ ಇದರಿಂದ ದೊಡ್ಡ ಲಾಭವೇನೂ ಇಲ್ಲ, ಅದೂ ನಿಜ.

ಮಡಗಾಂವ್:
ಫೈಲ್, ಅಕೌಂಟ್, ಅಬೌಟ್ ಎಕ್ಸೆಲ್ ತೆರೆದು ನೋಡಿ. 32 ಬಿಟ್ ಅಂತಿದ್ದರೆ ಎಕ್ಸೆಲ್‌ಗೆ ಸಿಗುವುದು ಹೆಚ್ಚೆಂದರೆ 4 ಜಿಬಿ. ಮಿಷನ್‌ನಲ್ಲಿ 64 ಜಿಬಿ ರ‍್ಯಾಮ್ ಹಾಕಿಸಿದರೂ ಅಷ್ಟೇ. 64 ಬಿಟ್‌ಗೆ ಹೋಗುವಾಗ ಹಳೇ ಮ್ಯಾಕ್ರೋದಲ್ಲಿ ಹೊರಗಿನ ಫಂಕ್ಷನ್ ಕರೆಯುವ ಡಿಕ್ಲೇರ್ ಸಾಲುಗಳಿಗೆ ಪಿಟಿಆರ್‌ಸೇಫ್ (PtrSafe) ಎಂಬ ಪದ ಸೇರಿಸಿ, ಇಲ್ಲದಿದ್ದರೆ ಕಂಪೈಲೇ ಆಗುವುದಿಲ್ಲ.